ಸ್ವಂತ ಉದ್ಯಮದ ಮಾತಾಡುವ ವಲಸೆ ವಿದ್ಯಾರ್ಥಿಗಳು

ವಲಸೆ ಬಂದ ಕುಟುಂಬಗಳ ಮಕ್ಕಳಿಗೆ ದೊಡ್ಡ ಗುರಿಗಳಿರುವುದಿಲ್ಲ, ಆದ್ದರಿಂದ ಮೊದಲು ಅವರಲ್ಲಿ ಆಸೆ ಹುಟ್ಟಿಸಬೇಕು ಎಂಬ ಮಾತನ್ನು ಶಿಕ್ಷಣದ ಬಗ್ಗೆ ನಿಜವಾದ ಕಾಳಜಿಯುಳ್ಳವರ ಬಾಯಲ್ಲೂ ಆಗಾಗ ಕೇಳುತ್ತೇನೆ. ಇಂತಹ ಮಕ್ಕಳ ಒಡನಾಟದಲ್ಲಿ ನಾನು ಕಂಡದ್ದಕ್ಕೂ ಅಧ್ಯಯನಗಳು ಹೇಳುವುದಕ್ಕೂ ಈ ಮಾತು ಹೊಂದುವುದಿಲ್ಲ. ಸಮಾಜಶಾಸ್ತ್ರಜ್ಞರಾದ ಅಲೆಹಾಂದ್ರೊ ಪೋರ್ಟೆಸ್ ಮತ್ತು ರೂಬೆನ್ ರುಂಬೌಟ್ ಅವರು 1992ರಲ್ಲಿ ಅಮೆರಿಕದ ಮಯಾಮಿ ಮತ್ತು ಸ್ಯಾನ್ ಡಿಯಾಗೊ ಪ್ರದೇಶಗಳ ಶಾಲೆಗಳಲ್ಲಿ ಎಂಟು ಮತ್ತು ಒಂಬತ್ತನೆಯ ತರಗತಿಗಳ 5,000ಕ್ಕೂ ಹೆಚ್ಚು ವಲಸೆ ಕುಟುಂಬಗಳ ಮಕ್ಕಳನ್ನು ಸಂದರ್ಶಿಸಿ, ಅವರು ಇಪ್ಪತ್ತು ದಾಟಿ ದುಡಿಮೆಗೆ ಇಳಿಯುವವರೆಗೂ ಅವರ ಬದುಕನ್ನು ಗಮನಿಸುತ್ತ ಬಂದರು. ಆ ಮಕ್ಕಳಲ್ಲಿ ಬಹುಪಾಲು ಜನರು ಕಾಲೇಜು ಪದವಿಯನ್ನೋ ಅದಕ್ಕೂ ಮೇಲಿನ ಓದನ್ನೋ ಬಯಸಿದ್ದರು. ಕೊನೆಗೆ ಯಾರು ಎಲ್ಲಿಗೆ ತಲುಪಿದರು ಎಂಬುದರಲ್ಲಿ ಹೆತ್ತವರ ಓದು, ಮನೆಯ ಸ್ಥಿತಿ ಮತ್ತು ಹೊಸ ದೇಶವು ಆ ಸಮುದಾಯವನ್ನು ಬರಮಾಡಿಕೊಂಡ ರೀತಿ, ಇವುಗಳ ಪಾಲು ದೊಡ್ಡದಾಗಿತ್ತು. ಆಸೆಗೆ ಎಲ್ಲೂ ಬರವಿರಲಿಲ್ಲ.

ಈ ಆಸೆಗಳ ನಡುವೆ ನನ್ನ ಗಮನವನ್ನು ಹೆಚ್ಚು ಸೆಳೆಯುವುದು ಸ್ವಂತ ಉದ್ಯಮದ ಹಂಬಲ. ಹದಿನೈದು, ಹದಿನಾರರ ವಯಸ್ಸಿನವರು ಅದನ್ನು ಎಷ್ಟು ಖಚಿತವಾಗಿ ಹೇಳುತ್ತಾರೆಂದರೆ, ಕೇಳಿದ ಹಿರಿಯರು ಒಂದೋ ಬೆನ್ನು ತಟ್ಟಿ ಸುಮ್ಮನಾಗುತ್ತಾರೆ, ಇಲ್ಲವೇ ಹುಡುಗಾಟವೆಂದು ನಕ್ಕು ಬಿಡುತ್ತಾರೆ. ಆ ಹಂಬಲ ಎಲ್ಲಿಂದ ಬಂತೆಂದು ವಿಚಾರಿಸುವವರು ಕಡಿಮೆ. ಒಬ್ಬ ಹುಡುಗಿ ಬ್ಯಾಂಕಿನ ಕೌಂಟರಿನ ಮುಂದೆ ತಾಯಿಯ ಪಕ್ಕದಲ್ಲಿ ನಿಂತಿರುವುದನ್ನು ಗಮನಿಸಿದರೆ ಅರ್ಧ ಉತ್ತರ ಸಿಗುತ್ತದೆ. ಗುಮಾಸ್ತರು ಹೇಳಿದ್ದನ್ನು ಅವಳು ಮನೆಮಾತಿಗೆ ತಿರುಗಿಸಿ ತಾಯಿಗೆ ಹೇಳುತ್ತಾಳೆ, ತಾಯಿಯ ಆತಂಕವನ್ನು ಸೌಮ್ಯವಾದ ಪ್ರಶ್ನೆಯಾಗಿಸಿ ಗುಮಾಸ್ತರ ಮುಂದಿಡುತ್ತಾಳೆ, ಅರ್ಜಿಯಲ್ಲಿ ಬಿಟ್ಟುಹೋದ ಅಂಕಣವನ್ನು ತಾನೇ ಗುರುತಿಸಿ ತುಂಬುತ್ತಾಳೆ, ಎಲ್ಲಿ ಸಹಿ ಹಾಕಬೇಕೆಂದು ಬೆರಳಿಟ್ಟು ತೋರಿಸುತ್ತಾಳೆ. ಮನೆಯ ಬಾಡಿಗೆ ಕರಾರು, ವಿದ್ಯುತ್ ಬಿಲ್ಲು, ತಂದೆಯ ಕೂಲಿಯ ಬಾಕಿ ಲೆಕ್ಕ ಎಲ್ಲವೂ ಅವಳ ಕೈಯಿಂದಲೇ ಹಾದುಹೋಗುತ್ತವೆ. ಅವಳ ಓರಗೆಯ ಇತರ ಮಕ್ಕಳು ಇನ್ನೂ ಕಾಣದ ವ್ಯವಹಾರವನ್ನು ಅವಳು ಒಂದು ಮನೆತನದ ಪರವಾಗಿ ನಡೆಸುತ್ತಿದ್ದಾಳೆ. ಸ್ವಂತವಾಗಿ ಏನಾದರೂ ಮಾಡುತ್ತೇನೆ ಎಂಬ ಅವಳ ಮಾತಿಗೆ ಇಷ್ಟು ಅನುಭವದ ಬೆಂಬಲವಿದೆ, ಮತ್ತು ಈ ಅನುಭವಕ್ಕೆ ಯಾವ ಅಂಕಪಟ್ಟಿಯಲ್ಲೂ ಜಾಗವಿಲ್ಲ ಎಂಬುದು ನನಗೆ ನೋವಿನ ಸಂಗತಿ.

ಉಳಿದರ್ಧ ಉತ್ತರ ಅಷ್ಟು ಹಿತವಾದದ್ದಲ್ಲ. ಹಿಂದಿನ ದೇಶದಲ್ಲಿ ಲೆಕ್ಕಿಗನೋ ಶಿಕ್ಷಕನೋ ಆಗಿದ್ದ ತಂದೆಯ ಪದವಿಗೆ ಹೊಸ ದೇಶದಲ್ಲಿ ಮಾನ್ಯತೆ ದೊರೆಯದೆ, ಅವರು ವರ್ಷಗಟ್ಟಲೆ ಕೆಳಗಿನ ಕೆಲಸ ಮಾಡುವುದನ್ನು ನೋಡುತ್ತ ಬೆಳೆದ ಹುಡುಗನಿಗೆ, ಬೇರೆಯವರ ಒಪ್ಪಿಗೆಯನ್ನು ಕಾಯಬೇಕಾಗಿಲ್ಲದ ದಾರಿಯೇ ಸುರಕ್ಷಿತವೆಂದು ತೋರುವುದು ಸಹಜ. ನೌಕರಿಯ ಬಾಗಿಲು ಮುಚ್ಚಿದಾಗ ವಲಸಿಗರು ಸ್ವಂತ ಉದ್ಯೋಗದತ್ತ ತಿರುಗುತ್ತಾರೆಂದು ಸಮಾಜಶಾಸ್ತ್ರಜ್ಞರು ಬಹಳ ಹಿಂದಿನಿಂದಲೂ ಹೇಳುತ್ತ ಬಂದಿದ್ದಾರೆ. ಆದ್ದರಿಂದ ವಲಸಿಗರ ಉದ್ಯಮಶೀಲತೆಯನ್ನು ಹುಟ್ಟುಗುಣವೆಂಬಂತೆ ಹೊಗಳುವ ಭಾಷಣಗಳನ್ನು ಕೇಳುವಾಗ ನನಗೆ ಕಸಿವಿಸಿಯಾಗುತ್ತದೆ. ಆ ಹೊಗಳಿಕೆಯ ಮರೆಯಲ್ಲಿ, ಮುಚ್ಚಿದ ಬಾಗಿಲನ್ನು ತೆರೆಯಬೇಕಾದವರು ತಮ್ಮ ಹೊಣೆಯಿಂದ ಸುಲಭವಾಗಿ ತಪ್ಪಿಸಿಕೊಳ್ಳುತ್ತಾರೆ.

ವಾಟ್ಸ್‌ಆ್ಯಪ್ ಕಟ್ಟಿದ ಯಾನ್ ಕೂಮ್ ಅವರ ಉದಾಹರಣೆಯನ್ನು ಈ ಮಕ್ಕಳಿಗೆ ಹೇಳುವುದುಂಟು. 1992ರಲ್ಲಿ ಹದಿನಾರರ ಹುಡುಗನಾಗಿ ತಾಯಿಯ ಜೊತೆ ಉಕ್ರೇನಿನಿಂದ ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂಗೆ ಬಂದ ಅವರು ದಿನಸಿ ಅಂಗಡಿಯ ನೆಲ ಗುಡಿಸಿದರು. ತಾಯಿ ಬೇರೆಯವರ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಮಾಡಿದರು. 2014ರಲ್ಲಿ ಫೇಸ್‌ಬುಕ್ ಸುಮಾರು 1,900 ಕೋಟಿ ಡಾಲರಿಗೆ ವಾಟ್ಸ್‌ಆ್ಯಪನ್ನು ಕೊಳ್ಳುವುದಾಗಿ ಘೋಷಿಸಿತು. ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುವ ನಡುವಿನ ಭಾಗವೇ ನನಗೆ ಮುಖ್ಯವೆನಿಸುತ್ತದೆ. ಆ ಕುಟುಂಬಕ್ಕೆ ವಾಸಕ್ಕೂ ಊಟಕ್ಕೂ ಸರ್ಕಾರದ ನೆರವಿತ್ತು. ಹುಡುಗನು ಹಳೆಯ ಪುಸ್ತಕದಂಗಡಿಯಿಂದ ಕೈಪಿಡಿಗಳನ್ನು ಕೊಂಡು ಓದಿ ಹಿಂದಿರುಗಿಸುತ್ತ ಕಂಪ್ಯೂಟರ್ ಜಾಲಗಳ ವಿಷಯವನ್ನು ಕಲಿತನು, ಸಾರ್ವಜನಿಕ ವಿಶ್ವವಿದ್ಯಾಲಯಕ್ಕೆ ಸೇರಿದನು, ಆಮೇಲೆ ಯಾಹೂ ಕಂಪನಿಯಲ್ಲಿ ವರ್ಷಗಳ ಕಾಲ ದುಡಿದು, ಮುಂದೆ ತನ್ನ ಪಾಲುದಾರರಾಗಲಿದ್ದ ಬ್ರಯಾನ್ ಆ್ಯಕ್ಟನ್ ಅವರೊಡನೆ ಕೆಲಸ ಮಾಡಿದನು. ವಾಟ್ಸ್‌ಆ್ಯಪ್ ಆರಂಭವಾದದ್ದು 2009ರಲ್ಲಿ, ವಲಸೆ ಬಂದು ಹದಿನೇಳು ವರ್ಷಗಳಾದ ಮೇಲೆ. ಛಲ ಅವರಲ್ಲಿತ್ತು, ನಿಜ. ಆದರೆ ಅದರ ಜೊತೆಗೆ ಕಾನೂನುಬದ್ಧ ವಾಸ, ನೆರವು, ಓದು ಮತ್ತು ಒಂದು ಒಳ್ಳೆಯ ನೌಕರಿ ಕೂಡ ಇದ್ದವು.

ಇವುಗಳಲ್ಲಿ ಮೊದಲನೆಯದೇ ಇಲ್ಲದವರ ಪಾಡು ಬೇರೆ. 1982ರಲ್ಲಿ ಪ್ಲೈಲರ್ ವಿರುದ್ಧ ಡೋ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ವಾಸದ ದಾಖಲೆಗಳಿಲ್ಲದ ಮಕ್ಕಳಿಗೂ ಸಾರ್ವಜನಿಕ ಶಾಲೆಯ ಪ್ರವೇಶವನ್ನು ನಿರಾಕರಿಸುವಂತಿಲ್ಲ ಎಂದು ತೀರ್ಪಿತ್ತಿತು. ಆ ರಕ್ಷಣೆ ಪ್ರೌಢಶಾಲೆಯ ಕೊನೆಯ ದಿನದವರೆಗೆ ಮಾತ್ರ. ಬಾಲ್ಯದಲ್ಲೇ ಅಮೆರಿಕಕ್ಕೆ ಬಂದ, ದಾಖಲೆಗಳಿಲ್ಲದವರ ಗಡೀಪಾರನ್ನು ಮುಂದೂಡಲು 2012ರಲ್ಲಿ ಬಂದ ಡಾಕಾ (DACA) ಯೋಜನೆ ಅರ್ಹರಿಗೆ ಎರಡೆರಡು ವರ್ಷಗಳ ಕೆಲಸದ ಪರವಾನಗಿಯನ್ನು ನೀಡಿತಾದರೂ, 2007ರ ಜೂನ್‌ನಿಂದ ಅಲ್ಲೇ ವಾಸವಿರಬೇಕೆಂಬ ಷರತ್ತು ಅದಕ್ಕಿದೆ. ಇಂದು ಪ್ರೌಢಶಾಲೆಯಲ್ಲಿರುವವರಲ್ಲಿ ಬಹುತೇಕರು ಆಗ ಹುಟ್ಟಿಯೇ ಇರಲಿಲ್ಲ. ದೇಶದ ಒಳಗೇ ವಲಸೆ ಹೋದರೂ ಕಷ್ಟ ತಪ್ಪುವುದಿಲ್ಲ. ಸರ್ಕಾರಿ ಸೌಲಭ್ಯಗಳನ್ನು ಕುಟುಂಬದ ಹೆಸರು ನೋಂದಣಿಯಾದ ಊರಿಗೆ ಕಟ್ಟಿಹಾಕುವ ಚೀನಾದ ಹುಕೌ ವ್ಯವಸ್ಥೆಯಿಂದಾಗಿ, ಬೀಜಿಂಗಿನಲ್ಲೇ ಬೆಳೆದ ವಲಸೆ ಕಾರ್ಮಿಕರ ಅನೇಕ ಮಕ್ಕಳು ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಗಾಗಿ ತಮ್ಮ ನೋಂದಣಿಯ ಊರಿಗೆ ಮರಳಬೇಕಾಗುತ್ತದೆ, ಇಲ್ಲವೇ ವೃತ್ತಿ ತರಬೇತಿ ಶಾಲೆಗಳಲ್ಲಿ ನಿಲ್ಲಬೇಕಾಗುತ್ತದೆ. ಹುಡುಗಾಟವೆಂದು ನಗುವ ಮೊದಲು ಇದನ್ನೆಲ್ಲ ತಿಳಿದಿರಬೇಕು.

ಶಾಲೆಯಲ್ಲಿ ಉದ್ಯಮದ ಪಾಠ ವ್ಯರ್ಥವೆಂದು ನಾನು ಹೇಳಲಾರೆ. ನ್ಯೂಯಾರ್ಕಿನ ಬಡ ಬಡಾವಣೆಯ ಶಾಲೆಗಳಲ್ಲಿ ಶಿಕ್ಷಕರಾಗಿದ್ದ ಸ್ಟೀವ್ ಮಾರಿಯೊಟ್ಟಿ, ಪಾಠದಲ್ಲಿ ವ್ಯಾಪಾರದ ಮಾತು ಬಂದಾಗ ಮಕ್ಕಳು ಆಸಕ್ತಿಯಿಂದ ಕಿವಿಗೊಡುವುದನ್ನು ಕಂಡು, 1987ರಲ್ಲಿ ಹದಿಹರೆಯದವರಿಗೆ ಉದ್ಯಮ ಕಲಿಸುವ ಸಂಸ್ಥೆಯನ್ನೇ ಆರಂಭಿಸಿದರು. ಆದರೆ ಬಣ್ಣದ ಭಿತ್ತಿಪತ್ರ ತಯಾರಿಸಿ ಬಹುಮಾನ ಹಂಚುವ ಸ್ಪರ್ಧೆಗಳಿಗೇ ಈ ಪಾಠ ಮುಗಿದುಹೋದರೆ ಪ್ರಯೋಜನವಿಲ್ಲ. ನಿನ್ನ ಸರಕನ್ನು ಯಾರು ಕೊಳ್ಳುತ್ತಾರೆ, ಖರ್ಚು ಕಳೆದು ಕೈಗೆ ಎಷ್ಟು ಉಳಿಯುತ್ತದೆ, ಸಾಲಕ್ಕೆ ಯಾರು ಜಾಮೀನು ನಿಲ್ಲುತ್ತಾರೆ ಎಂದು ಕೇಳಬೇಕು. ಅದಕ್ಕೂ ಮೊದಲು, ಮನೆಯವರ ವಾಸದ ಪರವಾನಗಿಯಲ್ಲಿ ಸ್ವಂತ ಉದ್ಯೋಗಕ್ಕೆ ಅವಕಾಶವಿದೆಯೇ ಎಂದು ಆ ವಿದ್ಯಾರ್ಥಿಯ ಜೊತೆ ಕುಳಿತು ಓದಿ ನೋಡಬೇಕು, ಏಕೆಂದರೆ ಹಲವು ದೇಶಗಳ ವಿದ್ಯಾರ್ಥಿ ವೀಸಾ ಮತ್ತು ಅವಲಂಬಿತರ ವೀಸಾಗಳಲ್ಲಿ ಅದಕ್ಕೆ ನಿರ್ಬಂಧವಿರುತ್ತದೆ. ಈ ಮಾತುಕತೆ ಕೊನೆಯ ವರ್ಷದ ಬದಲು ಪ್ರೌಢಶಾಲೆಗೆ ಸೇರಿದ ವರ್ಷವೇ ನಡೆದರೆ, ಪರವಾನಗಿಯ ಬದಲಾವಣೆಗೋ ಶುಲ್ಕ ವಿನಾಯಿತಿಗೋ ಅರ್ಜಿ ಹಾಕಿ, ತಿರಸ್ಕೃತವಾದರೆ ಮೇಲ್ಮನವಿ ಸಲ್ಲಿಸುವುದಕ್ಕೂ ಮನೆಯವರಿಗೆ ಎರಡು ಮೂರು ವರ್ಷಗಳ ಕಾಲಾವಕಾಶ ದೊರೆಯುತ್ತದೆ.