ಅಟ್ಟದ ಕೊಬ್ಬರಿ, ಅರವತ್ತರ ಗೆರೆ

ಪಿಯುಸಿ ಮಕ್ಕಳಿಗೆ ಅವಲಂಬಿತರ ಅನುಪಾತದ ಪಾಠ ಮಾಡುವಾಗ ಬೋರ್ಡಿನ ಮೇಲೆ ಜನರನ್ನು ಮೂರು ಪಾಲು ಮಾಡುತ್ತೇನೆ. ನಡುವಿನ ಪಾಲು ದುಡಿಯುತ್ತದೆ, ಚಿಕ್ಕವರೂ 60 ದಾಟಿದವರೂ ಕೂತು ಉಣ್ಣುತ್ತಾರೆ ಅಂತ ಲೆಕ್ಕ. ಪರೀಕ್ಷೆಗೆ ಇಷ್ಟು ಸಾಕು. ನನಗೇ ಒಗ್ಗಲ್ಲ. ತಿಪಟೂರಿನ ಹತ್ತಿರ, ನಮ್ಮೂರಲ್ಲಿ, 74ರ ಅವ್ವ ಇದ್ದಾಳಲ್ಲ!

ಅಟ್ಟಕ್ಕೆ ಹಾಕಿದ ಕಾಯಿ ಉಂಡೆ ಕೊಬ್ಬರಿಯಾಗಲು ಹೆಚ್ಚುಕಮ್ಮಿ ಒಂದು ವರ್ಷ ಬೇಕು. ಇಳಿಸಿದ ಮೇಲೆ ಒಂದೊಂದನ್ನೇ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಬೇಕು, ಒಳಗೆ ಉಂಡೆ ಗುಡುಗುಡು ಅನ್ನಬೇಕು. ಸದ್ದಿಲ್ಲದ್ದು ನನ್ನ ಕೈಗೆ ಸಿಕ್ಕರೆ ಅವ್ವ, "ಇನ್ನೂ ಅಂಟ್ಕಂಡೈತೆ ಕಣೇ, ಆಕಡೆ ಇಡು" ಅನ್ನುತ್ತಾಳೆ. ಆಮೇಲೆ ಚಿಪ್ಪನ್ನು ಮಚ್ಚಿನ ಹಿಂಬದಿಯಿಂದ ಹದವಾಗಿ ತಟ್ಟಬೇಕು. ಏಟು ಜೋರಾದರೆ ಉಂಡೆ ಹೋಳಾಗಿ ಮಂಡಿಯಲ್ಲಿ ರೇಟು ಬೀಳುತ್ತದೆ. ನಮ್ಮಣ್ಣ ತಟ್ಟಿದ್ದರಲ್ಲಿ ಹೋಳೇ ಜಾಸ್ತಿ, ಹಾಗಾಗಿ ಆ ಕೆಲಸ ಇವತ್ತಿಗೂ ಅವ್ವನದೇ.

ಬರ್ಕ್ಲಿಯ ರೊನಾಲ್ಡ್ ಲೀ, ಹವಾಯಿಯ ಆಂಡ್ರ್ಯೂ ಮೇಸನ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು ನನಗೆ ಇಷ್ಟವಾಗೋದು ಇದಕ್ಕೇ. ವಯಸ್ಸು ನೋಡಿ ಗೆರೆ ಎಳೆಯುವ ಬದಲು, ಯಾವ ವಯಸ್ಸಿನವರು ಎಷ್ಟು ದುಡಿಯುತ್ತಾರೆ, ಎಷ್ಟು ಖರ್ಚು ಮಾಡುತ್ತಾರೆ, ಆ ನಡುವಿನ ಅಂತರವನ್ನು ಮಕ್ಕಳು ತುಂಬುತ್ತಾರೋ, ಸರ್ಕಾರವೋ, ಆಸ್ತಿಯೋ ಅಂತ ದೇಶದೇಶದ ಲೆಕ್ಕ ತೆಗೆಸಿದರು. ಭಾರತದ ಲೆಕ್ಕದ ಮೇಲೆ ಕೆಲಸ ಮಾಡಿದವರಲ್ಲಿ ನಮ್ಮ ಬೆಂಗಳೂರಿನ ನಾಗರಬಾವಿಯಲ್ಲಿರುವ ಐಸೆಕ್ ಸಂಶೋಧನಾ ಸಂಸ್ಥೆಯ ಎಂ.ಆರ್. ನಾರಾಯಣ ಒಬ್ಬರು. ಮಕ್ಕಳಿಂದ ಪಡೆಯೋದಕ್ಕಿಂತ ಮಕ್ಕಳಿಗೆ ಕೊಡೋದೇ ಹೆಚ್ಚಿರುವ ಹಿರಿಯರು ಎಷ್ಟೋ ದೇಶಗಳಲ್ಲಿ ಇದ್ದಾರಂತೆ. ಅಮೆರಿಕದಲ್ಲೂ.

ಅವ್ವನಿಗೆ ರಾಜ್ಯದ ವೃದ್ಧಾಪ್ಯ ಪಿಂಚಣಿ, ಸಂಧ್ಯಾ ಸುರಕ್ಷಾದ 1,200 ರೂಪಾಯಿ ತಿಂಗಳಿಗೆ ಬರುತ್ತದೆ. ಅದರಲ್ಲಿ ಅಣ್ಣನ ಮಗನ ಮೊಬೈಲ್ ರೀಚಾರ್ಜ್ ಆಗುತ್ತದೆ, ಬಸ್ ಪಾಸಿಗೆ ಹೋಗುತ್ತದೆ. ಮಾತ್ರೆಗೆ ಮಾತ್ರ ಕೊಬ್ಬರಿ ದುಡ್ಡು. (ಕೇಂದ್ರದ ವೃದ್ಧಾಪ್ಯ ವೇತನದಲ್ಲಿ 80ರ ಒಳಗಿನವರಿಗೆ ದಿಲ್ಲಿಯ ಪಾಲು ಇವತ್ತಿಗೂ ತಿಂಗಳಿಗೆ 200 ರೂಪಾಯಿ! ಅದನ್ನು ಕ್ಲಾಸಲ್ಲಿ ಹೇಳಿದರೆ ಹುಡುಗರು ನಗುತ್ತಾರೆ.)

ಮುಂಬೈನ ಜನಸಂಖ್ಯಾ ಅಧ್ಯಯನ ಸಂಸ್ಥೆ ಐಐಪಿಎಸ್‌ನವರು 2017-18ರಲ್ಲಿ ದೇಶದ ವಯಸ್ಸಾದವರ ಬಗ್ಗೆ ಲಾಸಿ ಅನ್ನೋ ಸಮೀಕ್ಷೆ ಶುರು ಮಾಡಿದರು, 45 ದಾಟಿದ ಸುಮಾರು 72,000 ಜನರನ್ನು ಮಾತಾಡಿಸಿದರು. ಬರೀ ಪ್ರಶ್ನೆ ಕೇಳಿ ಎದ್ದು ಬರಲಿಲ್ಲ, ಹಿಡಿಯಂತ್ರ ಕೊಟ್ಟು ಕೈಬಲ ಅಳೆದರು, ಹತ್ತು ಪದ ಹೇಳಿ ಎಷ್ಟು ನೆನಪಿದೆ ಅಂತ ನೋಡಿದರು. 60 ದಾಟಿದವರಲ್ಲಿ ಮೂರಕ್ಕೊಬ್ಬರಿಗಿಂತ ಹೆಚ್ಚು ಮಂದಿ ಇನ್ನೂ ದುಡಿಯುತ್ತಿದ್ದರು. ಇದನ್ನು ಹೆಮ್ಮೆಯಿಂದ ಹೇಳುವವರನ್ನು ಕಂಡರೆ ನನಗೆ ಸಿಟ್ಟು. ಮಂಡಿ ಹಿಡಿದುಕೊಂಡರೂ ಅವ್ವ ಅಟ್ಟ ಹತ್ತುವುದಕ್ಕೆ ಹುಮ್ಮಸ್ಸು ಅರ್ಧ ಕಾರಣವಿರಬಹುದು. ಉಳಿದರ್ಧ 1,200 ಸಾಲದ್ದಕ್ಕೆ.

ಅವಳಿಗೆ ನಾವು ನಾಲ್ವರು ಮಕ್ಕಳು, ನನಗೆ ಒಬ್ಬಳೇ ಮಗಳು. ರಾಜ್ಯದ ಸರಾಸರಿಯೇ ಈಗ ಎರಡಕ್ಕಿಂತ ಕೆಳಗೆ, 2019-21ರ ಸಮೀಕ್ಷೆಯಲ್ಲೇ 1.7 ಇತ್ತು. ನಾನು ನೌಕರಿಗೆ ಸೇರಿದ್ದು 2006ರ ಏಪ್ರಿಲ್ ದಾಟಿದ ಮೇಲೆ, ಹಾಗಾಗಿ ಎನ್‌ಪಿಎಸ್, ಅಂದರೆ ಇಷ್ಟೇ ಬರುತ್ತೆ ಅಂತ ಖಾತ್ರಿ ಇಲ್ಲದ ಹೊಸ ಪಿಂಚಣಿ. ಸ್ಟಾಫ್ ರೂಮಲ್ಲಿ ಹಳೇ ಪಿಂಚಣಿಯ ಮಾತು ಬಂದಾಗಲೆಲ್ಲ ನಾನು ಲೀ, ಮೇಸನ್ ಅಂತ ಶುರು ಮಾಡುತ್ತೇನೆ. ಕನ್ನಡ ಮೇಷ್ಟ್ರು ಕೇಳೋದು ಒಂದೇ: "ಅದೆಲ್ಲ ಸರಿ ಮೇಡಂ, ನಿಮ್ಮ ತೋಟ ಎಷ್ಟು ಎಕರೆ?"