‘ಕೊನೆಗೆ ಅದು ಸೆಂಟ್ ಬಾಟಲಿ ತಾನೇ?’

ಹಿಂದಿಯಲ್ಲಿ ತಯಾರಾದ ಜಾಹೀರಾತುಗಳನ್ನು ಕನ್ನಡಕ್ಕೆ ತರುವುದು ನನ್ನ ಹೊಟ್ಟೆಪಾಡು. ಟಿವಿಯಲ್ಲಿ ನೀವು ಕೇಳುವ ಸೋಪು, ಅಡುಗೆ ಎಣ್ಣೆ, ಫ್ಯಾನುಗಳ ಮಾತಿನಲ್ಲಿ ಕೆಲವು ನಾನು ಬರೆದವು. ಹಾಗಾಗಿ ಜಾಹೀರಾತಿನಲ್ಲಿ ಹೆಂಗಸರನ್ನು ತೋರಿಸುವ ರೀತಿಯ ಬಗ್ಗೆ ಬಾಯಿ ತೆರೆದರೆ ಸಾಕು, ಒಂದೇ ಪ್ರಶ್ನೆ ಎದುರಾಗುತ್ತದೆ: ‘ನೀವೇ ಆ ಕಸುಬಿನವರು. ಅರ್ಧ ನಿಮಿಷದ ತಮಾಷೆಗೆ ಇಷ್ಟು ಸಿಟ್ಟೇಕೆ?’ ಹೇಳಿ ಹೇಳಿ ಬಾಯಿ ಒಣಗಿದೆ. ಒಮ್ಮೆ ಬರೆದುಬಿಡುತ್ತೇನೆ. ಇನ್ನು ಕೇಳಿದವರಿಗೆ ಇದನ್ನೇ ಕಳುಹಿಸುತ್ತೇನೆ.

2022ರ ಜೂನ್ ಮೊದಲ ವಾರ. ಇಂಗ್ಲೆಂಡ್ ಮತ್ತು ನ್ಯೂಜಿಲೆಂಡ್ ನಡುವಣ ಟೆಸ್ಟ್ ಪಂದ್ಯದ ಮಧ್ಯೆ ಲೇಯರ್ ಶಾಟ್ ಎಂಬ ಸುಗಂಧದ ಜಾಹೀರಾತು ಬಂತು. ಅಂಗಡಿಯೊಂದರಲ್ಲಿ ಹುಡುಗಿಯೊಬ್ಬಳ ಬೆನ್ನ ಹಿಂದೆ ನಾಲ್ವರು ಗಂಡಸರು. ನಾವು ನಾಲ್ವರು, ಇರುವುದು ಒಂದು, ‘ಶಾಟ್’ ಯಾರು ತೆಗೆದುಕೊಳ್ಳುವುದು ಎಂದು ಮಾತಾಡಿಕೊಳ್ಳುತ್ತಾರೆ. ಅವಳು ಗಾಬರಿಯಿಂದ ತಿರುಗುತ್ತಾಳೆ. ಆಮೇಲೆ ಗೊತ್ತಾಗುತ್ತದೆ, ಅವರ ಕಣ್ಣಿರುವುದು ಕಪಾಟಿನಲ್ಲಿ ಉಳಿದ ಒಂದೇ ಒಂದು ಬಾಟಲಿಯ ಮೇಲೆ ಎಂದು. ಇನ್ನೊಂದು ಜಾಹೀರಾತಿನಲ್ಲಿ ಜೋಡಿಯೊಂದು ಇರುವ ಮಲಗುವ ಕೋಣೆಗೆ ಗಂಡಸರು ನುಗ್ಗಿ, ಈಗ ನಮ್ಮ ಸರದಿ ಎನ್ನುತ್ತಾರೆ.

ಜೂನ್ 4ರಂದು ವಾರ್ತಾ ಮತ್ತು ಪ್ರಸಾರ ಸಚಿವಾಲಯ ಈ ವಿಡಿಯೊಗಳನ್ನು ತೆಗೆಯುವಂತೆ ಟ್ವಿಟರ್ ಮತ್ತು ಯೂಟ್ಯೂಬ್‌ಗೆ ಹೇಳಿತು. ಕಂಪನಿ ಕ್ಷಮೆ ಕೇಳಿತು. ನಮ್ಮ ಬಂಧುಗಳಲ್ಲಿ ಚರ್ಚೆ ಮಾತ್ರ ನಿಲ್ಲಲಿಲ್ಲ.

ಅದೇ ತಿಂಗಳು ಮೈಸೂರಿನಲ್ಲಿ ಒಂದು ಗೃಹಪ್ರವೇಶ. ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದ ಭಾವ ಸಾರನ್ನ ಕಲಸುತ್ತ ಕೇಳಿದರು: ‘ಅಲ್ಲಮ್ಮಾ, ಕೊನೆಗೆ ಅದು ಸೆಂಟ್ ಬಾಟಲಿ ತಾನೇ?’ ಮೊದಲ ಹತ್ತು ಸೆಕೆಂಡು ನಿಮಗೆ ಏನು ಅನ್ನಿಸಿತು ಎಂದು ಕೇಳಿದೆ. ಅವರ ಕೈ ಎಲೆಯ ಮೇಲೆ ನಿಂತಿತು. ಅಷ್ಟರಲ್ಲಿ ಅವರ ಫೋನು ಮಿಣುಗಿತು. ಎಡಗೈಯಲ್ಲಿ ಎತ್ತಿಕೊಂಡು, ‘ಬಸ್ ಹತ್ತಿದೆಯಾ ಪುಟ್ಟಿ? ಪಕ್ಕದಲ್ಲಿ ಯಾರು ಕೂತಿದ್ದಾರೆ? ಹೆಂಗಸರೇ ತಾನೇ?’ ಎಂದರು. ಮಗಳು ಹಾಸನದಿಂದ ಹೊರಟಿದ್ದಳು, ಹಾಡಹಗಲು. ಫೋನು ಕೆಳಗಿಟ್ಟವರು ಮತ್ತೆ ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅಷ್ಟರಲ್ಲಿ ಹೋಳಿಗೆ ಬಂತು.

ನನ್ನ ಸಿಟ್ಟಿನ ಬುಡ ಅಲ್ಲಿದೆ. ಆ ಜಾಹೀರಾತಿನ ಶ್ಲೇಷೆ ಕೆಲಸ ಮಾಡಬೇಕಾದರೆ ನೋಡುವವನು ಮೊದಲು ಸಾಮೂಹಿಕ ಅತ್ಯಾಚಾರ ಎಂದುಕೊಳ್ಳಲೇಬೇಕು. ಹಾಗೆ ಅಂದುಕೊಳ್ಳದವನಿಗೆ ಅದರಲ್ಲಿ ನಗುವುದಕ್ಕೆ ಏನೂ ಇಲ್ಲ. ಪ್ರತಿ ಮನೆಯಲ್ಲಿ ಅಪ್ಪಂದಿರು ಮಗಳ ಫೋನಿಗಾಗಿ ಕಾಯುವ ಆ ಭಯವನ್ನು ಪುಕ್ಕಟೆಯಾಗಿ ಎತ್ತಿಕೊಂಡು, ಅದಕ್ಕೆ ಮುಚ್ಚಳ ಹಾಕಿ ಮಾರಿದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ಇಲಿಯ ಸಂಕಟವೇ ಇಲ್ಲಿ ಸರಕು.

ಇನ್ನು ನಮ್ಮ ವ್ಯವಸ್ಥೆಯ ಕಣ್ಣಿಗೆ ಯಾವುದು ಅಶ್ಲೀಲ ಎಂದು ನೋಡಿ. 2007ರಲ್ಲಿ ಅಮುಲ್ ಮ್ಯಾಚೊ ಒಳಉಡುಪಿನ ಜಾಹೀರಾತನ್ನು ಸರ್ಕಾರ ನಿಲ್ಲಿಸಿತು. ಹೊಸದಾಗಿ ಮದುವೆಯಾದ ಹೆಣ್ಣು ಗಂಡನ ಒಳಚಡ್ಡಿ ಒಗೆಯುತ್ತ ಮೈಮರೆತು ಸುಖಪಡುತ್ತಾಳೆ. ಅದರಲ್ಲಿ ಯಾರೂ ಹೆದರುವುದಿಲ್ಲ. 2017ರ ಡಿಸೆಂಬರ್‌ನಲ್ಲಿ ಕಾಂಡೋಮ್ ಜಾಹೀರಾತುಗಳನ್ನು ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮಾತ್ರ ತೋರಿಸಿ ಎಂಬ ಸೂಚನೆ ಬಂತು, ಮಕ್ಕಳು ನೋಡಬಾರದೆಂದು. ಆಮೇಲೆ ಲೈಂಗಿಕ ಪ್ರಚೋದನೆ ಇರುವವುಗಳಿಗೆ ಮಾತ್ರ ಎಂದು ತಿದ್ದಿದರು. ಆ ಟೆಸ್ಟ್ ಪಂದ್ಯ ನಮ್ಮಲ್ಲಿ ಮಧ್ಯಾಹ್ನ ಮೂರೂವರೆಗೆ ಶುರು. ಶಾಲೆಯ ಮಕ್ಕಳು ಬಂದು ಟಿವಿ ಮುಂದೆ ಕೂರುವ ಹೊತ್ತು.

ಈ ಹಂತಕ್ಕೆ ಬಂದಾಗ ಎರಡನೆಯ ಪ್ರಶ್ನೆ ಹೊರಬೀಳುತ್ತದೆ, ಗೆದ್ದೆ ಎಂಬ ಧ್ವನಿಯಲ್ಲಿ: ‘ಗಂಡಸಿಗೆ ಹೊಡೆದರೆ ನಗುತ್ತೀರಲ್ಲ?’ ಕೇಳುವ ರೀತಿ ನನಗೆ ಹಿಡಿಸುವುದಿಲ್ಲ, ಏಕೆಂದರೆ ಹೆಣ್ಣಿನ ಮಾತು ಬಂದಾಗ ಮಾತ್ರ ಇದು ನೆನಪಾಗುತ್ತದೆ. ಆದರೂ ಪ್ರಶ್ನೆ ನ್ಯಾಯವಾದದ್ದೇ. 1986ರ ಅಸಭ್ಯ ಚಿತ್ರಣ ತಡೆ ಕಾಯ್ದೆ ಮಹಿಳೆಯರನ್ನು ಮಾತ್ರ ಹೆಸರಿಸುತ್ತದೆ. ಜಾಹೀರಾತು ರಂಗವೇ ಕಟ್ಟಿಕೊಂಡ ಸ್ವಯಂ ನಿಯಂತ್ರಣ ಮಂಡಳಿ ‘ಆಸ್ಕಿ’ 2022ರ ಜೂನ್‌ನಲ್ಲಿಯೇ ಹೊರಡಿಸಿದ ಮಾರ್ಗಸೂಚಿ ಯಾವುದೇ ಲಿಂಗದವರ ಮೇಲಿನ ಹಿಂಸೆಯನ್ನೂ ಸಹಜವೆಂಬಂತೆ ತೋರಿಸಬಾರದು ಎನ್ನುತ್ತದೆ. ನನಗೆ ಅದು ಪೂರ್ತಿ ಒಪ್ಪಿಗೆ. ಕೆಲವು ವರ್ಷಗಳ ಹಿಂದೆ, ತಪ್ಪು ಸಾಮಾನು ತಂದ ಗಂಡನ ಕಪಾಳಕ್ಕೆ ಹೆಂಡತಿ ಬಾರಿಸುವ ಜಾಹೀರಾತನ್ನು ನಾನೇ ಕನ್ನಡಕ್ಕೆ ತಂದಿದ್ದೇನೆ. ಮಾತು ತುಟಿಗೆ ಸರಿಯಾಗಿ ಕೂತಿದೆಯೇ ಎಂದಷ್ಟೇ ನೋಡಿದೆ. ಡಬ್ಬಿಂಗ್ ಕೋಣೆಯಲ್ಲಿ ಎಲ್ಲರೂ ನಕ್ಕೆವು. ಅದು ತಪ್ಪು. ಇಂದು ಬಂದರೆ ಮಾಡುವುದಿಲ್ಲ.

ನಿಮಗೆ ಕೇಳಲೇಬೇಕೆಂದಿದ್ದರೆ ಬೇರೊಂದು ಪ್ರಶ್ನೆ ಕೇಳಿ. ನನಗೇಕೆ ಸಿಟ್ಟು ಎಂದಲ್ಲ, ಅಷ್ಟು ಜನಕ್ಕೆ ಏಕೆ ಬರಲಿಲ್ಲ ಎಂದು. ಕಡ್ಡಾಯ ಒಪ್ಪಿಗೆಗಳನ್ನೆಲ್ಲ ಪಡೆದೇ ಪ್ರಸಾರ ಮಾಡಿದೆವು ಎಂದು ಆ ಕಂಪನಿ ಕ್ಷಮೆಯ ಜೊತೆಗೇ ಹೇಳಿತ್ತು. ಜಾಹೀರಾತು ಒಬ್ಬರ ಕೈಯಲ್ಲಿ ಆಗುವಂಥದ್ದಲ್ಲ. ಕಥೆ ಹೊಳೆದವರು, ಹಣ ಕೊಡುವವರಿಗೆ ಅದನ್ನು ಓದಿ ಹೇಳಿದವರು, ಒಪ್ಪಿದವರು, ಬೆಳಕು ಹಿಡಿದವರು, ಸಂಕಲನ ಮಾಡಿದವರು, ವಾಹಿನಿಯಲ್ಲಿ ಸಮಯ ಕೊಟ್ಟವರು. ಎಷ್ಟು ಹೆದರಬೇಕು ಎಂದು ಆ ನಟಿಗೆ ಹೇಳಿಕೊಟ್ಟವರೂ ಒಬ್ಬರು ಇದ್ದಿರಬೇಕಲ್ಲವೇ?

ಹೋದ ತಿಂಗಳು ಪೆಪ್ಪರ್‌ಮಿಂಟಿನದೊಂದು ಸ್ಕ್ರಿಪ್ಟ್ ಬಂತು. ಹುಡುಗನೊಬ್ಬ ಬಸ್ ನಿಲ್ದಾಣದಿಂದ ಹುಡುಗಿಯ ಮನೆ ಗೇಟಿನವರೆಗೆ ಹಿಂಬಾಲಿಸುತ್ತಾನೆ. ಗೇಟಿನ ಬಳಿ ಅವಳು ತಿರುಗಿ ನಗುತ್ತಾಳೆ, ಒಂದು ಮಾತು ಆಡುತ್ತಾಳೆ. ಅವಳು ಏಕೆ ನಗುತ್ತಾಳೆ ಎಂದು ಕಳುಹಿಸಿದ ಹುಡುಗನಿಗೆ ಫೋನು ಮಾಡಿ ಕೇಳಿದೆ. ‘ಸ್ಕ್ರಿಪ್ಟಿನಲ್ಲಿ ಹಾಗಿದೆ ಮೇಡಂ’ ಎಂದ. ಎರಡು ದಿನ ಕೂತೆ. ಆ ಗೇಟಿನ ಮುಂದೆ ಅವಳ ಬಾಯಿಗೆ ಇಡಲು ನನಗೆ ಕನ್ನಡದ ಒಂದು ಮಾತೂ ಸಿಗಲಿಲ್ಲ. ವಾಪಸ್ ಕಳುಹಿಸಿದೆ. ಕೆಲಸ ಬೇರೆಯವರಿಗೆ ಹೋಯಿತು. ಈಗ ಟಿವಿಯಲ್ಲಿ ಬರುತ್ತಿದೆ, ಕನ್ನಡದಲ್ಲಿಯೇ.