ಟೋರಾ ಸುರುಳಿಯಲ್ಲಿ ಜಾಗ ಹುಡುಕುವುದು: 6ನೇ ವಾರ

ಇಸ್ರೇಲಿನ ಅಶ್ದೋದ್‌ನ ನಮ್ಮ ಸಣ್ಣ ಸಿನಗಾಗ್‌ನಲ್ಲಿ (ಯೆಹೂದಿ ಪ್ರಾರ್ಥನಾ ಮಂದಿರ) ಟೋರಾ, ಅಂದರೆ ಯೆಹೂದಿಗಳ ಐದು ಕಾಂಡಗಳ ಧರ್ಮಗ್ರಂಥದ ಸುರುಳಿಯನ್ನು, ಆ ದಿನ ಜನರೆದುರು ಓದುವ ಭಾಗಕ್ಕೆ ಮೊದಲೇ ಸುತ್ತಿಡುವ ಕೆಲಸ ಕಲಿಯಲು ಶುರು ಮಾಡಿ ಆರು ವಾರ ಆಯಿತು. ಮೊದಲ ಸಲ 40 ನಿಮಿಷ ಹಿಡಿದಿತ್ತು. ಈಗ 10ರೊಳಗೆ ಆಗುತ್ತದೆ, ತಪ್ಪದೇ ಇದ್ದರೆ.

ಸುರುಳಿಯಲ್ಲಿ ಪುಟದ ನಂಬರ್ ಇಲ್ಲ, ಅಧ್ಯಾಯ ಇಲ್ಲ, ವಚನ ಎಲ್ಲಿ ಮುಗಿಯಿತು ಅನ್ನುವ ಗುರುತೂ ಇಲ್ಲ. ಸ್ವರದ ಚುಕ್ಕಿಗಳೂ ಇಲ್ಲ. ಕನ್ನಡದಲ್ಲಿ ಗುಡಿಸು, ಕೊಂಬು ಎಲ್ಲ ತೆಗೆದು ಮರ, ಮರಿ, ಮುರಿ ಮೂರನ್ನೂ ಒಂದೇ ಥರ ಬರೆದರೆ ಹೇಗಿರುತ್ತದೆ, ಹೆಚ್ಚುಕಡಿಮೆ ಹಾಗೆ. ನಮ್ಮದರಲ್ಲಿ 245 ಕಾಲಂ, ಒಂದೊಂದಕ್ಕೆ 42 ಸಾಲು. ಕಾಲಂಗೆ ಹೀಬ್ರೂನಲ್ಲಿ ಅಮೂದ್ ಅಂತಾರೆ, ಅಂದರೆ ಕಂಬ. ನನಗೆ ಆ ಹೆಸರೇ ಇಷ್ಟ.

ಮೊದಲೆಲ್ಲ ಎರಡು ಪದ ಓದುವುದು, ತಿಕ್ಕುನ್ (ಸುರುಳಿಯ ಪಠ್ಯವನ್ನು ಸ್ವರದ ಚುಕ್ಕಿ, ಅಧ್ಯಾಯಗಳ ಸಮೇತ ಅಚ್ಚು ಹಾಕಿದ ಅಭ್ಯಾಸದ ಪುಸ್ತಕ) ತೆಗೆದು ಹುಡುಕುವುದು, ಮತ್ತೆ ಸುತ್ತುವುದು, ಹೀಗೇ ಮಾಡುತ್ತಿದ್ದೆ. ಆಮೇಲೆ ಇಲ್ಲಿ ಓದುವ ಹಿರಿಯರೊಬ್ಬರು ಮರಾಠಿಯಲ್ಲಿ ಹೇಳಿದರು: ಓದಬೇಡ, ಮೊದಲು ನೋಡು. ಸುರುಳಿ ಸುತ್ತಿರುವ ಎರಡೂ ದಂಡದ ದಪ್ಪ ಸಮ ಇದ್ದರೆ ನಡುವಿನ, ಅಂದರೆ ಮೂರನೇ ಕಾಂಡವಾದ ಯಾಜಕಕಾಂಡದಲ್ಲಿದ್ದೀಯ. ನಾಲ್ಕು ಸಾಲು ಖಾಲಿ ಕಂಡರೆ ಒಂದು ಕಾಂಡ ಮುಗಿದು ಇನ್ನೊಂದು ಶುರುವಾಗಿದೆ. ಸಾಲುಗಳು ಇಟ್ಟಿಗೆ ಗೋಡೆಯ ಥರ ಬಿಟ್ಟು ಬಿಟ್ಟು ಕಂಡರೆ ಅದು ಸಮುದ್ರದ ಹಾಡು, ಎರಡನೇ ಕಾಂಡವಾದ ವಿಮೋಚನಕಾಂಡದ 15ನೇ ಅಧ್ಯಾಯ. ಇದು ಗೊತ್ತಾದ ಮೇಲೆ ಸುರುಳಿ ನನಗೆ ಪರಿಚಯದ ಊರಿನ ರಸ್ತೆ ಥರ ಕಾಣತೊಡಗಿತು.

ಈ ವಾರದ ತಪ್ಪು ಬರೆದಿಡಲೇಬೇಕು. ಹೋದ ಶನಿವಾರ ಕೆಂಪು ಹಸುವಿನ ಭಾಗ ಓದಿದ್ದರಿಂದ ಸುರುಳಿ ಟೋರಾದ ನಾಲ್ಕನೇ ಕಾಂಡವಾದ ಅರಣ್ಯಕಾಂಡದ 19ರಲ್ಲಿ ನಿಂತಿತ್ತು. ಸೋಮವಾರದ ಓದಿಗೆ ವಿಮೋಚನಕಾಂಡ 35ಕ್ಕೆ ಹಿಂದೆ ಬರಬೇಕು. ಎಡದ ದಂಡಕ್ಕೆ ಸುತ್ತುತ್ತಾ ಬಂದೆ, ದೇವರ ಆರಾಧನೆಗೆ ಮಾಡಿದ ಗುಡಾರದ ಹತ್ತು ಪರದೆಗಳ ವಿವರ ಕಂಡಿತು, ಇದು 36, ಇನ್ನೇನು ಬಂತು ಅಂದುಕೊಂಡು ಎರಡು ಕಂಬ ಹಿಂದೆ ಹುಡುಕಿದರೆ ಜಾಗವೇ ಇಲ್ಲ. ಅದು 26ನೇ ಅಧ್ಯಾಯ! ಗುಡಾರದ ವಿವರ ಎರಡು ಸಲ ಬರುತ್ತದೆ ಅಲ್ವಾ, ಮೊದಲು ಅಪ್ಪಣೆ, ಆಮೇಲೆ ಕೆಲಸ, ನಡುವೆ ಚಿನ್ನದ ಕರುವಿನ ಕಥೆ. ನಾನು ಜಾಸ್ತಿ ಸುತ್ತಿಬಿಟ್ಟಿದ್ದೆ. ಪರದೆ, ಕೊಕ್ಕೆ, ಹಲಗೆ ಎಲ್ಲ ಅವೇ ಪದ. ಕ್ರಿಯಾಪದ ಮಾತ್ರ ಬೇರೆ. 26ರಲ್ಲಿ "ತಆಸೆ" ಇಲ್ಲವೇ "ವೆಆಸೀತಾ", ನೀನು ಮಾಡಬೇಕು. 36ರಲ್ಲಿ "ವಯಾಸ್", ಮಾಡಿದನು. ಇನ್ನು ಮೇಲೆ ಗುಡಾರ ಕಂಡಾಗೆಲ್ಲ ಮೊದಲು ಆ ಪದ ಹುಡುಕುತ್ತೇನೆ, ಶುರುವಿನಲ್ಲಿ ವಾವ್ ಅಕ್ಷರ, ಅದರ ಹಿಂದೆಯೇ ಯೋದ್ ಅಕ್ಷರ ಇದೆಯೋ ಇಲ್ಲವೋ ಅಂತ.

ಈ ಶನಿವಾರ ಎರಡು ಓದು ಇದೆ. ಎರಡನೇ ಓದಿಗೆ ಬೇಕಾದ ಇನ್ನೊಂದು ಸುರುಳಿ ದುರಸ್ತಿಗೆ ಹೋಗಿದೆ, ಹಾಗಾಗಿ ಒಂದರಲ್ಲೇ ವಿಮೋಚನಕಾಂಡದ 40ನೇ ಅಧ್ಯಾಯ ಮುಗಿದ ಕೂಡಲೇ ಜನರ ಎದುರಲ್ಲೇ 12ಕ್ಕೆ ಹಿಂದೆ ಹೋಗಬೇಕು. ಅವರನ್ನು ಕಾಯಿಸಬಾರದು. ಇಟ್ಟಿಗೆ ಗೋಡೆ ಕಾಣುವವರೆಗೆ ಸರಸರ ಸುತ್ತುವುದು, ಅಲ್ಲಿಂದ ಇನ್ನು ನಾಲ್ಕೈದು ಕಂಬ ನಿಧಾನಕ್ಕೆ. ಗುರುವಾರ, ಶುಕ್ರವಾರ ಎರಡೂ ದಿನ ಇದನ್ನೇ ಅಭ್ಯಾಸ ಮಾಡುತ್ತೇನೆ.